ವಿನೆಗರ್ ಸೋಕಿದ ಗೋಡೆ

ಮಾರ್ಚ್ ತಿಂಗಳಲ್ಲಿ ನಮ್ಮ ನೆಲಮಾಳಿಗೆಯ ಒಂದು ಗೋಡೆ ಕುಸಿಯಿತು. ನನ್ನ ಗಂಡ ಸಬಾತಿನೊ ಮಣ್ಣು ತೆಗೆಯುತ್ತಿದ್ದಾಗ ಅದರ ಹಿಂದೆ ಇನ್ನೊಂದು ಗೋಡೆ ಕಾಣಿಸಿತು. ರೋಮನ್ನರ ಕಾಲದ ಕೆಂಪು ಗೋಡೆ. ವೆಸುವಿಯೊ ಅಗ್ನಿಪರ್ವತದ ಬುಡದಲ್ಲಿರುವ ನಮಗೆ ಇದೇನೂ ಹೊಸದಲ್ಲ. ಯಾರಿಗೂ ಹೇಳದೆ ಮುಚ್ಚಿಬಿಡುವವರೇ ಹೆಚ್ಚು.

ಆದರೆ ಆ ಗೋಡೆಯ ಮೇಲೆ ಬಿಡಿಸಿದ ಚಿತ್ರದಲ್ಲಿ ಒಬ್ಬ ತಾಯಿ ಇದ್ದಳು. ಮಡಿಲಲ್ಲಿದ್ದ ಕೂಸಿನ ಗಲ್ಲ ಹಿಡಿದು ಬಟ್ಟಲಿನಿಂದ ಏನೋ ಕುಡಿಸುತ್ತಿದ್ದಳು. ಕೂಸು ಮುಖ ತಿರುಗಿಸಿಕೊಂಡಿತ್ತು.

"ಅಮ್ಮಾ, ಅದಕ್ಕೂ ಕಹಿ ಔಷಧಿನಾ?" ಎಂದಳು ನನ್ನ ಆರು ವರ್ಷದ ಮಗಳು ಮಿರೆಲ್ಲಾ.

"ಹ್ಞೂಂ ಕಂದಾ. ನಿನ್ನ ಹಾಗೇ ಹಠಮಾರಿ ನೋಡು."

"ನಾನೇನು ಅಷ್ಟು ಹಠ ಮಾಡಲ್ಲ."

ಸಬಾತಿನೊ ಆಗಲೇ ಸಿಮೆಂಟು ತಂದಿಟ್ಟಿದ್ದ. ಇದನ್ನು ಮುಚ್ಚಬೇಡ ಎಂದು ಮೂರು ದಿನ ಬೇಡಿಕೊಂಡೆ.

"ಮಾರಾಯ್ತಿ, ಮೇಲೆ ನಿನ್ನ ಅಡುಗೆಮನೆ ಇದೆ. ಅದು ಬಿದ್ರೆ ಈ ಗೊಂಬೆ ಬಂದು ಎತ್ತಿ ಹಿಡೀತಾಳಾ?" ಎಂದವನು ಕೊನೆಗೆ ಸೋತ. "ಸರಿ, ಪ್ರಾಚ್ಯವಸ್ತು ಇಲಾಖೆಯವರನ್ನ ಕರೆಸು. ಉಳಿಸೋ ಅಂಥದ್ದು ಅಂದ್ರೆ ಬಿಡ್ತೀನಿ. ಇಲ್ಲಾಂದ್ರೆ ಶನಿವಾರ ಕಾಂಕ್ರೀಟ್ ಹಾಕೋದೇ."

ಶುಕ್ರವಾರ ಬರುತ್ತೇವೆಂದರು.

ನಮ್ಮ ಬೀದಿಯಲ್ಲಿ ಯಾರಾದರೂ ಬರುತ್ತಾರೆಂದರೆ ಮೆಟ್ಟಿಲನ್ನೂ ವಿನೆಗರ್ ಹಾಕಿ ಉಜ್ಜುತ್ತೇವೆ. ತಾಯಿಯ ಮುಖದ ಮೇಲೆ ಬೆಳ್ಳನೆಯ ಹಕ್ಕಳೆ ಕಟ್ಟಿತ್ತು. ಅದೇ ಮಣ್ಣಿನಲ್ಲಿ ಸಿಕ್ಕಿದ್ದ ಪುಟ್ಟ ಮಣ್ಣಿನ ದೀಪವನ್ನು ವಿನೆಗರಿನಲ್ಲಿ ತೊಳೆದಿದ್ದೆ, ಹೊಸದರಂತಾಗಿತ್ತು. ಗುರುವಾರ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಬಟ್ಟೆ ಅದ್ದಿಕೊಂಡು ಕೆಳಗಿಳಿದೆ.

ಹಕ್ಕಳೆ ಚುರುಚುರು ಎಂದು ನೊರೆಯೆದ್ದಿತು. ನನಗೆ ಖುಷಿ. ಮಗಳ ಮುಖ ತೊಳೆಯುವಾಗ ಹೇಳುವಂತೆ, "ಆಯ್ತು, ಆಯ್ತು, ಇನ್ನೊಂಚೂರು," ಎಂದೆ. ತಾಯಿಯ ಕಣ್ಣು ಕಂಡಿತು. ದಣಿದ ಕಣ್ಣು. ಇನ್ನೊಮ್ಮೆ ಒರೆಸಿದೆ. ಬಟ್ಟೆ ಕೆಂಪಾಯಿತು, ಕಣ್ಣು ಇರಲಿಲ್ಲ.

ಮರುದಿನ ಬಂದ ಇಲಾಖೆಯ ಹೆಂಗಸು ಕುಕ್ಕರಗಾಲಿನಲ್ಲಿ ಕೂತು ಗೋಡೆಯನ್ನು ಮೂಸಿದರು.

"ಸಿನ್ಯೋರಾ, ವಿನೆಗರ್ ಹಾಕಿದ್ರಾ?"

"ಕೊಳೆ ಇತ್ತು ಮೇಡಂ. ನೀವು ಬರ್ತೀರಂತ..."

ಅವರು ಬೈಯಲಿಲ್ಲ. "ಬಣ್ಣ ಕೂತಿರೋದೇ ಸುಣ್ಣದಲ್ಲಿ. ಹುಳಿ ತಾಗಿದ್ರೆ ಎರಡೂ ಹೋಗ್ತವೆ."

"ಮತ್ತೆ ಬರಿಸೋಕೆ ಆಗಲ್ವಾ?"

"ಇಲ್ಲಮ್ಮ."

ತಾಯಿಯ ಮುಖವೇ ಹೋಗಿತ್ತು, ಕೂಸೊಂದೇ ಸರಿಯಾಗಿ ಉಳಿದಿತ್ತು. ಅಷ್ಟಕ್ಕಾಗಿ ಗೋಡೆ ಬಿಡಿಸಿ ಒಯ್ಯಲು ಇಲಾಖೆ ಒಪ್ಪುವುದಿಲ್ಲ, ಫೋಟೊ ಸಾಕು, ಮನೆ ಬೀಳುವ ಮೊದಲು ಮುಚ್ಚಿಕೊಳ್ಳಿ ಎಂದು ಬರೆದುಕೊಟ್ಟರು. ದೀಪವನ್ನು ಹತ್ತಿಯಲ್ಲಿ ಸುತ್ತಿ ತೆಗೆದುಕೊಂಡು ಹೋದರು.

ಮಾತುಮಾತಿಗೂ ಚುಚ್ಚುವ ಸಬಾತಿನೊ ಅಂದು ಸಿಮೆಂಟಿನ ಚೀಲ ಎಣಿಸುತ್ತ ಕೂತ. ಚುಚ್ಚಿದ್ದರೆ ಅಳಲಾದರೂ ಆಗುತ್ತಿತ್ತು.

ಶನಿವಾರ ಅವನು ಕಾಂಕ್ರೀಟಿಗೆ ಹಲಗೆ ನಿಲ್ಲಿಸುವಾಗ ಮಿರೆಲ್ಲಾ ಕೇಳಿದಳು, "ಇನ್ಮೇಲೆ ಅದಕ್ಕೆ ಯಾರು ಕುಡಿಸ್ತಾರೆ?"

ಅವಳನ್ನು ಎತ್ತಿಕೊಂಡು ಮೇಲೆ ಬಂದೆ. ಕೆಳಗೆ ಕಾಂಕ್ರೀಟು ಸುರಿಯುವ ಸದ್ದು ಸಂಜೆಯವರೆಗೂ ಇತ್ತು.