ಹುಳದ ಹೊಟ್ಟೆ

ನಮ್ಮ ಕಡೆ ಚಳಿಗಾಲದಲ್ಲಿ ಗಂಡಸರಿಗೆ ಇರುವುದು ಎರಡೇ ಕೆಲಸ. ಹಿನ್ನೀರಿನಲ್ಲಿ ಬಾಸ್ ಮೀನು ಯಾಕೆ ಕಚ್ಚುತ್ತಿಲ್ಲ ಎಂದು ವಾದ ಮಾಡುವುದು ಒಂದು. ಅದು ಕಚ್ಚುವ ಕಾಲಕ್ಕೆ ಗಾಳಕ್ಕೆ ಚುಚ್ಚಲು ಬೇಕಾಗುವ ಪ್ಲಾಸ್ಟಿಕ್ ಹುಳಗಳನ್ನು ಮನೆಯಲ್ಲೇ ಎರಕ ಹೊಯ್ದು ಇಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ನಾನು ಗಟ್ಟಿಗ. ಎರಡನೆಯದರಲ್ಲಿ ನಮ್ಮ ಭಾವ ವರ್ಲಿನ್‌ನನ್ನು ಮೀರಿಸುವವರು ಅಲಬಾಮದ ಈ ಮೂಲೆಯಲ್ಲಿ ಯಾರೂ ಇರಲಿಲ್ಲ.

ಅವನ ಅಚ್ಚು ತೆರೆದ ಅಚ್ಚು. ಅಲ್ಯೂಮಿನಿಯಂ ಹಲಗೆಯಲ್ಲಿ ಹುಳದ ಬೆನ್ನಿನ ಆಕಾರ ಕೊರೆದಿರುತ್ತದೆ, ಅಷ್ಟೇ. ಕಾಯಿಸಿದ ಪ್ಲಾಸ್ಟಿಕ್ಕನ್ನು ಗಾಜಿನ ಜಗ್ಗಿನಿಂದ ಸಣ್ಣ ಧಾರೆಯಾಗಿ ಅದಕ್ಕೆ ಹೊಯ್ಯಬೇಕು. ಬೆನ್ನನ್ನು ಅಚ್ಚು ಕೊಡುತ್ತದೆ, ಹೊಟ್ಟೆಯನ್ನು ಕೈ ಕೊಡಬೇಕು. ಕೈ ಎಲ್ಲಿ ನಿಲ್ಲುತ್ತದೋ ಅದೇ ಹೊಟ್ಟೆ. ಒಂದು ಹನಿ ಹೆಚ್ಚಾದರೆ ಅಂಚು ಮೀರಿ ಹರಿದು ಸುತ್ತಲೂ ತೆಳ್ಳನೆ ರೆಕ್ಕೆಯಾಗುತ್ತದೆ, ಕಡಿಮೆಯಾದರೆ ಹೊಟ್ಟೆ ಹಳ್ಳ ಬೀಳುತ್ತದೆ. ವರ್ಲಿನ್ ಹೊಯ್ದ ಹುಳದ ಹೊಟ್ಟೆ ಚಪ್ಪಟೆಯಾಗಿ, ಊಟವಾದ ಮೇಲಿನ ಹೊಟ್ಟೆಯ ಹಾಗೆ ತುಸುವೇ ತುಂಬಿಕೊಂಡಿರುತ್ತಿತ್ತು. ಅಂಥ ಹುಳ ನೀರಿನಲ್ಲಿ ತೂಗಾಡುತ್ತಾ ಇಳಿಯುತ್ತದೆ. ಅಂಗಡಿಯ ಪೊಟ್ಟಣದ ಹುಳ ಮೊಳೆ ಬಿದ್ದಂತೆ ಬೀಳುತ್ತದೆ.

ಎರಡು ವರ್ಷದ ಹಿಂದೆ ಅವನ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು. ಆ ಹೆಸರನ್ನು ವರ್ಲಿನ್ ಮನೆಯೊಳಗೆ ತರಲಿಲ್ಲ, ನಾವೂ ತರಲಿಲ್ಲ. ಅವನು ಎಂದಿನಂತೆ ಗ್ಯಾರೇಜಿನ ಬಾಗಿಲು ತೆಗೆದು, ಫ್ಯಾನು ಹಾಕಿ ಹೊಯ್ಯುತ್ತಲೇ ಇದ್ದ. ಹುಳಗಳನ್ನು ಅಚ್ಚಿನಿಂದ ಬಿಡಿಸಿ, ಎಣ್ಣೆ ಸವರಿ, ಚೀಲಕ್ಕೆ ತುಂಬುವುದು ಮೊದಲಿನಿಂದಲೂ ನನ್ನ ಅಕ್ಕ ವಿಲ್ಡಾಳ ಪಾಲಿನ ಕೆಲಸ. ಕೆಟ್ಟವನ್ನು ಅವಳು ಮತ್ತೆ ಕರಗಿಸಲು ಡಬ್ಬಕ್ಕೆ ಹಾಕುತ್ತಾಳೆ, ಒಳ್ಳೆಯವು ಚೀಲ ಸೇರುತ್ತವೆ ಎಂದು ವರ್ಲಿನ್ ನಂಬಿದ್ದ.

ನಿಜ ನನಗೆ ಗೊತ್ತಿತ್ತು. ಒಂದು ಭಾನುವಾರ ಚರ್ಚು ಮುಗಿಸಿ, ಜೋಳದ ರೊಟ್ಟಿಯ ವಾಸನೆ ಹಿಡಿದು ಅವರ ಹಿಂಬಾಗಿಲಿನಿಂದ ಒಳಗೆ ಹೋದೆ. ಪಕ್ಕದ ಮನೆಯಲ್ಲೇ ಇರುವ ತಮ್ಮನಿಗೆ ಅಷ್ಟು ಸಲಿಗೆ ಇದೆ. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು, ಕಸೂತಿಯ ಪುಟ್ಟ ಕತ್ತರಿಯಿಂದ ಒಂದೊಂದೇ ಹುಳದ ರೆಕ್ಕೆ ಕತ್ತರಿಸುತ್ತಿದ್ದಳು. ರಾಶಿಯಲ್ಲಿ ಸರಿಯಾದದ್ದು ಒಂದೂ ಇರಲಿಲ್ಲ.

"ಬಾಯಿ ಮುಚ್ಕೊಂಡು ರೊಟ್ಟಿ ತಿನ್ನು, ಹೋಯ್ಟ್," ಎಂದಳು. ನಾನು ಎರಡನ್ನೂ ಮಾಡಿದೆ. ಊರಿನಲ್ಲಿ ಯಾರಿಗೂ ಹೆದರದ ನಾನು ಅಕ್ಕನಿಗೆ ಹೆದರುತ್ತೇನೆ.

ಈ ಫೆಬ್ರವರಿಯಲ್ಲಿ ಜಗ್ಗು ಅಲುಗಿ, ಕುದಿಯುವ ಪ್ಲಾಸ್ಟಿಕ್ಕು ವರ್ಲಿನ್‌ನ ಮಣಿಕಟ್ಟಿನ ಮೇಲೆ ಬಿತ್ತು. ಅದು ನೀರಲ್ಲ, ಒರೆಸಿದರೆ ಹೋಗುವುದಿಲ್ಲ. ಅಂಟಿಕೊಂಡು ಸುಡುತ್ತದೆ, ಕೀಳಲು ಹೋದರೆ ಚರ್ಮವೇ ಕಿತ್ತು ಬರುತ್ತದೆ. ಆ ರಾತ್ರಿ ಅಕ್ಕ ಅತ್ತಳು. ಮರುದಿನ ಅಚ್ಚುಗಳ ಕ್ಯಾಟಲಾಗು ತಂದು ಅವನ ತಟ್ಟೆಯ ಪಕ್ಕ ಇಟ್ಟಳು.

"ಎರಡು ಹೋಳಿನ ಅಚ್ಚು ತಗೋ. ಮುಚ್ಚಿ, ಬಿಗಿದು, ಪಿಚಕಾರಿಲಿ ಒತ್ತಿದ್ರೆ ಆಯ್ತು. ಚೆಲ್ಲೋದೂ ಇಲ್ಲ, ಸುಡೋದೂ ಇಲ್ಲ."

"ಪಿಚಕಾರಿ ಹುಳ!" ವರ್ಲಿನ್ ಪುಟ ತಿರುವಿದ. "ನೋಡು ಇದನ್ನ. ಸುತ್ತಲೂ ಗುಂಡಗೆ, ಪೆನ್ಸಿಲ್ ಇದ್ದ ಹಾಗಿದೆ. ಇದನ್ನ ನೋಡಿ ಮೀನು ಕಚ್ಚಲ್ಲ, ಅಕ್ಷರ ಬರೆಯತ್ತೆ."

"ಅದರ ಕೆಳಗಿನದು ನೋಡು, ಬಾಲ ಸುರುಳಿ."

"ಹಂದಿ ಬಾಲ."

"ಸಿಲಿಕೋನಿಂದು ಇದೆಯಲ್ಲ, ಅಗ್ಗ," ಎಂದು ನಾನು ಬಾಯಿ ಹಾಕಿದೆ.

"ಅಗ್ಗ ಅಂದ ತಕ್ಷಣ ನಿನ್ನ ಮುಖ ಅರಳತ್ತೆ ನೋಡು! ಅದೂ ತೆರೆದ ಅಚ್ಚೇ ಕಣಯ್ಯ. ಹೊಯ್ಯೋಕೆ ಇದೇ ಕೈ ಬೇಕಲ್ಲ?"

ಇದೇ ಕೈ ಎಂದದ್ದೇ ತಡ, ಮೂವರ ಕಣ್ಣೂ ಅದರ ಮೇಲೆ ಹೋಯಿತು. ಅವನ ಮಣಿಕಟ್ಟಿನಲ್ಲಿ ಬಿಳಿ ಪಟ್ಟಿ ಇತ್ತು. ಆ ಕೈಯನ್ನು ಅವನು ಮೇಜಿನ ಕೆಳಗೆ ಇಳಿಸಿದ.

"ವರ್ಲಿನ್," ಅಕ್ಕ ಮೆಲ್ಲಗೆ ಹೇಳಿದಳು, "ಇನ್ನೊಂದು ಸಲ ನೀನು ಆ ಜಗ್ಗು ಎತ್ತಿದ್ರೆ ನಾನು ಅದನ್ನ ಒಡೆದುಹಾಕ್ತೀನಿ."

ಅವನು ಕ್ಯಾಟಲಾಗು ಮುಚ್ಚಿದ. "ಆಯ್ತು," ಎಂದ ಕೊನೆಗೆ. "ಮುಚ್ಚಿದ ಅಚ್ಚೇ ಆಗಲಿ. ಆದ್ರೆ ಕ್ಯಾಟಲಾಗಿಂದು ಬೇಡ. ಹುಳ ನಂದೇ ಇರಬೇಕು. ಆ ಹೊಟ್ಟೆ ಇರಬೇಕು. ಇಲ್ಲ ಅಂದ್ರೆ ನಾನು ಹೊಯ್ದಿದ್ದಕ್ಕೂ ಹೊಯ್ಯದೆ ಇದ್ದಿದ್ದಕ್ಕೂ ಏನು ವ್ಯತ್ಯಾಸ?"

ಹೇಳಿದ ಹಾಗೆ ಅಚ್ಚು ಕೊರೆದುಕೊಡುವ ಲಮಾರ್ ಎಂಬವನು ಬೆಟ್ಟದಾಚೆ ಇದ್ದಾನೆ. ನಾನೇ ಫೋನ್ ಮಾಡಿದೆ. ಹಳೆಯ ಅಚ್ಚು ಕಳಿಸಿದರೆ ಸಾಕೇ ಎಂದು ಕೇಳಿದೆ.

"ಅದರಿಂದ ಬೆನ್ನು ಸಿಗತ್ತೆ," ಎಂದ ಲಮಾರ್. "ಹೊಟ್ಟೆ ಅಚ್ಚಲ್ಲಿ ಎಲ್ಲಿರತ್ತೆ? ಒಂದು ಹುಳ ಕಳಿಸಿ. ಇರೋದರಲ್ಲಿ ಒಳ್ಳೇದು ನೋಡಿ ಕಳಿಸಿ. ಅದರಲ್ಲಿ ಏನಿರತ್ತೋ ಅದೇ ಕೊನೇತನಕ ಬರತ್ತೆ."

ನಾನು ಇದನ್ನು ಹೇಳಿದಾಗ ಅಕ್ಕನ ಮುಖ ಬಿಳಿಚಿಕೊಂಡಿತು. ಚೀಲಗಳಲ್ಲಿರುವುದೆಲ್ಲ ಅವಳು ಕತ್ತರಿಸಿದವೇ ಎಂದು ನನಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ವರ್ಲಿನ್ ಚೀಲಗಳನ್ನು ತಂದು ಮೇಜಿನ ಮೇಲೆ ಸುರಿದಾಗಿತ್ತು. ಕುಂಬಳಬಳ್ಳಿಯ ಹಸಿರು, ಕಪ್ಪುನೀಲಿ, ಮಿಂಚುಪುಡಿ ಬೆರೆಸಿದ ಕಂದು. ಅವನು ಒಂದೊಂದನ್ನೇ ಎಡಗೈಯಲ್ಲಿ ಎತ್ತಿ ಹೊಟ್ಟೆಯ ಅಂಚಿಗೆ ಹೆಬ್ಬೆರಳು ಆಡಿಸಿದ.

ತಾನಾಗಿ ನಿಂತ ಅಂಚು ನುಣ್ಣಗೆ ದುಂಡಗಿರುತ್ತದೆ. ಕತ್ತರಿ ಆಡಿದ ಅಂಚು ಚೂಪು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಮೀನು ಹಿಡಿಯುವಾಗ ಯಾರೂ ಅಂಚು ಸವರಿ ನೋಡುವುದಿಲ್ಲ, ಗಾಳಕ್ಕೆ ಚುಚ್ಚಿ ಎಸೆಯುತ್ತಾರೆ. ಅವನು ಮೊದಲನೆಯದನ್ನು ಪಕ್ಕಕ್ಕಿಟ್ಟ. ಎರಡನೆಯದನ್ನೂ ಇಟ್ಟ. ಹತ್ತಿಪ್ಪತ್ತು ಆದಮೇಲೆ ಅವನ ಹೆಬ್ಬೆರಳು ನಿಧಾನವಾಯಿತು. ಅಕ್ಕ ಒಲೆಯ ಕಡೆ ಮುಖ ಮಾಡಿ, ಬೆಂದುಹೋದ ಅವರೆಯನ್ನೇ ತಿರುವುತ್ತಿದ್ದಳು.

"ಎಲ್ಲವೂನಾ, ವಿಲ್ಡಾ?"

ಅವಳು ತಿರುಗಲಿಲ್ಲ. "ಹೂಂ."

"ಒಂದೂ ಬಿಡದೆ?"

"ಮತ್ತೇನು ಮಾಡಲಿ? ಡಬ್ಬಕ್ಕೆ ಹಾಕಿದ್ರೆ ಚೀಲಕ್ಕೆ ಹಾಕೋಕೆ ಏನೂ ಉಳೀತಿರಲಿಲ್ಲ! ಆವಾಗ ನೀನು ಗ್ಯಾರೇಜಿನ ಬಾಗಿಲು ಮುಚ್ಚಿ ಬಂದು ಆ ಕುರ್ಚೀಲಿ ಕೂತ್ಕೋತಿದ್ದೆ. ಕೂತವನು ಏಳ್ತಿದ್ಯಾ?" ಅವಳು ಒಲೆ ಆರಿಸಿದಳು. "ನನಗೆ ಅದು ನೋಡೋಕೆ ಆಗ್ತಿರಲಿಲ್ಲ."

ನನಗೆ ಅಲ್ಲಿ ಕೂರಲಾಗಲಿಲ್ಲ. "ನನ್ನ ಗಾಳದ ಪೆಟ್ಟಿಗೇಲಿ ಹಳೇವಿವೆ, ಕೈ ಚೆನ್ನಾಗಿದ್ದಾಗಿಂದು!" ಎಂದು ಮನೆಗೆ ಓಡಿದೆ. ಪೆಟ್ಟಿಗೆ ತೆಗೆದು ನೋಡಿದರೆ ಏನು ಹೇಳಲಿ. ಎಳೆದರೆ ಮೊಳದುದ್ದ ಬರುವ ಹೊಸ ಜಾತಿಯ ಹುಳಗಳನ್ನು ನಾನು ಅದೇ ಖಾನೆಗೆ ಸುರಿದಿದ್ದೆ. ಆ ಪ್ಲಾಸ್ಟಿಕ್ಕಿಗೂ ಈ ಪ್ಲಾಸ್ಟಿಕ್ಕಿಗೂ ಆಗಿಬರುವುದಿಲ್ಲ, ಒಂದಕ್ಕೊಂದು ತಾಗಿದರೆ ಎರಡೂ ಕರಗುತ್ತವೆ. ಮೀನು ಹಿಡಿಯಲು ಹೊರಟ ಪ್ರತಿ ಮೂರ್ಖನೂ ಜೀವನದಲ್ಲಿ ಒಮ್ಮೆ ಈ ತಪ್ಪು ಮಾಡುತ್ತಾನೆ. ನಾನು ಮುದುಕನಾದ ಮೇಲೆ ಮಾಡಿದ್ದೆ. ಖಾನೆಯ ತುಂಬ ಹಲಸಿನ ಅಂಟಿನಂಥ ಮುದ್ದೆ. ಬೈದುಕೊಳ್ಳುತ್ತಾ ತಡಕಿದಾಗ, ಬೇರೆ ಪೊಟ್ಟಣದಲ್ಲಿದ್ದ ಒಂದೇ ಒಂದು ಹುಳ ಉಳಿದಿತ್ತು.

ವರ್ಲಿನ್ ಅದನ್ನು ತೆಗೆದುಕೊಂಡು ಅಂಚು ಸವರಿದ. ಇನ್ನೊಮ್ಮೆ ಸವರಿದ. ಅವನ ಕಣ್ಣು ತುಂಬಿತು.

"ಚೆನ್ನಾಗಿ ಹೊಯ್ತಿದ್ದೆ ಅಲ್ವೇನೋ ನಾನು?"

"ನಿನ್ನಂಗೆ ಯಾರೂ ಹೊಯ್ದಿಲ್ಲ ಕಣೋ," ಎಂದೆ. ಹೊಗಳಿಕೆ ನನ್ನ ಬಾಯಲ್ಲಿ ಅಪರೂಪ. ಆ ದಿನ ಬಂತು.

"ಸದ್ಯ, ಅದನ್ನೇ ಕಳಿಸು," ಎಂದಳು ಅಕ್ಕ, ಏಪ್ರನ್ನಿನಲ್ಲಿ ಮೂಗು ಒರೆಸಿಕೊಳ್ಳುತ್ತಾ.

ವರ್ಲಿನ್ ಆ ಹುಳವನ್ನು ನನ್ನ ಅಂಗೈಗೆ ವಾಪಸು ಹಾಕಿದ. "ಇದನ್ನ ನೀನೇ ಇಟ್ಕೋ. ಮಾರ್ಚಲ್ಲಿ ಇದರಲ್ಲಿ ಒಂದು ಮೀನು ಹಿಡಿ." ಆಮೇಲೆ ಮೇಜಿನ ಮೇಲಿನ ರಾಶಿಗೆ ಕೈ ಹಾಕಿದ. ಆರಿಸಿ ಆರಿಸಿ ಹಸಿರು ಹುಳವೊಂದನ್ನು ಎತ್ತಿದ. ಅದರ ಬಾಲದ ಹತ್ತಿರ ಕತ್ತರಿ ಜಾರಿ, ಹೊಟ್ಟೆಯ ಅಂಚಿಗೆ ಒಂದು ಕಚ್ಚು ಬಿದ್ದಿತ್ತು.

"ಇದು ಲಮಾರ್‌ಗೆ."

"ಹುಚ್ಚು ಹಿಡೀತಾ?" ಅಕ್ಕ ಸೌಟು ಹಿಡಿದೇ ಬಂದಳು. "ಅದು ಇರೋದರಲ್ಲೆಲ್ಲಾ ಕೆಟ್ಟದ್ದು! ಅವತ್ತು ಕನ್ನಡಕ ಇರಲಿಲ್ಲ ನನಗೆ."

"ಎರಡು ವರ್ಷದಿಂದ ಊರವರು ಮೀನು ಹಿಡಿದಿರೋದು ಈ ಹುಳದಲ್ಲಿ. ವರ್ಲಿನ್ ಹುಳ ಅಂತ ಹೊಗಳಿರೋದೂ ಇದನ್ನೇ. ಇದೇ ಹೋಗಲಿ."

ಅಕ್ಕ ಸೌಟು ಕೆಳಗಿಟ್ಟು, ಹುಳ ಕಳಿಸಲು ತಾನೇ ಲಕೋಟೆ ತಂದಳು. ನಾನು ಹುಟ್ಟಿದಾಗಿನಿಂದ ಅವಳನ್ನು ಬಲ್ಲೆ, ವಾದ ಬಿಟ್ಟುಕೊಟ್ಟದ್ದು ನೋಡಿರಲಿಲ್ಲ.

ಹುಳ ತಲುಪಿದ ದಿನ ಲಮಾರ್ ಫೋನ್ ಮಾಡಿದ. ಬಾಲದ ಹತ್ತಿರ ಏನೋ ಕಚ್ಚಾಗಿದೆ, ಸರಿಮಾಡಿ ಕೊರೆಯಲೇ ಎಂದು ಕೇಳಿದ.

"ಅದನ್ನ ಮುಟ್ಟಬೇಡ," ಎಂದ ವರ್ಲಿನ್. "ಬೇರೆ ಏನು ಬೇಕಾದ್ರೂ ಬದಲಾಯಿಸು."

ಮಾರ್ಚಿನಲ್ಲಿ ಅಚ್ಚು ಬಂತು. ಈಗ ಪ್ಲಾಸ್ಟಿಕ್ ಕಾಯಿಸುವವಳೂ ಪಿಚಕಾರಿ ಒತ್ತುವವಳೂ ಅಕ್ಕ. ಬಣ್ಣದ ಹದ ಹೇಳುವವನು, ಬೈಸಿಕೊಳ್ಳುವವನು ವರ್ಲಿನ್. ನನ್ನ ಕೆಲಸ ಪಕ್ಕದಲ್ಲಿ ನಿಂತು ಇಬ್ಬರಿಗೂ ಉಪದೇಶ ಮಾಡುವುದು.

ಮೊದಲ ಶನಿವಾರ ದೋಣಿ ಇಳಿಸುವ ಜಾಗದಲ್ಲಿ ಎಂದಿನವರೆಲ್ಲ ಸೇರಿದ್ದರು. ಅಕ್ಕನೂ ಟ್ರಕ್ಕಿನಲ್ಲಿ ಕೂತಿದ್ದಳು. ಒಬ್ಬ ಹೊಸ ಹುಳಗಳನ್ನು ಅಂಗೈ ಮೇಲೆ ಹರಡಿಕೊಂಡು, "ಇದೇನು ವರ್ಲಿನ್, ಎಲ್ಲದಕ್ಕೂ ಒಂದೇ ಜಾಗದಲ್ಲಿ ಕಚ್ಚು? ಅಚ್ಚು ಏಟು ತಿಂದಿದೆಯಾ?" ಎಂದ.

ವರ್ಲಿನ್ ನಡುಗುವ ಕೈಯನ್ನು ಜೇಬಿನಿಂದ ಹೊರಗೆ ತೆಗೆದ. ಎಲ್ಲರೆದುರು ಅದನ್ನು ತೆಗೆದದ್ದು ಅದೇ ಮೊದಲು. ಆ ಕೈಯಿಂದಲೇ ಟ್ರಕ್ಕಿನ ಕಡೆ ತೋರಿಸಿದ.

"ಅದು ವಿಲ್ಡಾ ಕತ್ತರಿ. ನನ್ನ ಕೈ ಕೆಟ್ಟು ಎರಡು ವರ್ಷ ಆಯ್ತು. ನೀವು ಮೀನು ಹಿಡಿದಿದ್ದೆಲ್ಲಾ ಅವಳ ಕೈಯಲ್ಲಿ."

ಟ್ರಕ್ಕಿನ ಕಿಟಕಿಯ ಗಾಜು ಸರ್ರನೆ ಮೇಲೇರಿತು. ಗಾಜಿನ ಹಿಂದೆ ನನ್ನ ಅಕ್ಕ ಮೂಗು ಒರೆಸಲು ಏಪ್ರನ್ನು ಹುಡುಕುತ್ತಿದ್ದಳು. ಅದು ಮನೆಯಲ್ಲಿತ್ತು.