ಚಂದ್ರಕಾಳಿ ಉಟ್ಟವಳ ಕಾಲು

ಅಗಲವಾದ ಪರಾತದಲ್ಲಿ ಜೋಳದ ಭಕ್ಕರಿ ಅರ್ಧ ಹರಡಿತ್ತು. ಹರಿಣಾಕ್ಷಿಯ ಅಂಗೈ ಏಳುತ್ತ ಬೀಳುತ್ತ, ಅಂಚು ಎಲ್ಲೂ ಸೀಳದ ಹಾಗೆ ಸುತ್ತ ತಿರುಗುತ್ತಿತ್ತು. ಗಂಡ ಬಿಂದುಮಾಧವ ರಾಂಜಣಗಾಂವದ ಕಾರ್ಖಾನೆಯ ಬಸ್ಸು ಹಿಡಿಯಬೇಕು. ಬಾಗಿಲಲ್ಲಿ ಬೂಟು ಕಟ್ಟುತ್ತ ಡಬ್ಬಿಗೆ ಕಾಯುತ್ತಿದ್ದ. ಅಷ್ಟರಲ್ಲಿ ಮಗಳು ಸಾಯಲಿ ಒಂದು ಜಡೆ ಹಾಕಿಕೊಂಡು, ಇನ್ನೊಂದು ಬಿಚ್ಚಿದ್ದ ಹಾಗೆಯೇ, ಮೊಬೈಲ್ ಹಿಡಿದು ಓಡಿಬಂದಳು.

“ಅಮ್ಮಾ, ಬಂತು! ಟೀಸರ್ ಬಂತು!”

ಹರಿಣಾಕ್ಷಿಯ ಕೈ ನಿಂತಿತು. ತವೆಯ ಮೇಲಿದ್ದ ಭಕ್ಕರಿ ಅಲ್ಲೇ ಹೊತ್ತಿತು.

“ಇವತ್ತ ನಂಗ ಉಪವಾಸ ಅಂತ ಕಾಣಸ್ತದ,” ಎಂದ ಬಿಂದುಮಾಧವ.

“ತಾಳ್ರೀ ಸ್ವಲ್ಪ. ನೀವೇನು ಮೂರು ವರ್ಷ ಕಾದೀರೇನು?”

ಅವಳು ಕಾದಿದ್ದಳು. ‘ಸಿಡಿಲಗಡ’ ಸಿನಿಮಾದ ಮೂರೂ ಭಾಗಗಳನ್ನು ಮೊದಲ ದಿನವೇ ನೋಡಿದವಳು ಅವಳು. ಅರಮನೆಯಲ್ಲಿ ಬಟ್ಟೆ ಹೊಲಿಯುವ ಚಂಪವ್ವ, ಅವಳನ್ನು ಗುಟ್ಟಾಗಿ ಮದುವೆಯಾದ ರಾಜಕುಮಾರ, ಅವರ ಕೂಸನ್ನು ಕಂಡರೆ ಕುದಿಯುವ ವಿಧವೆ ಹಿರೇರಾಣಿ. ಮೂರನೆಯ ಭಾಗದ ಕೊನೆಗೆ ಚಂಪವ್ವ ತುಂಬಿದ ಹೊಳೆಗೆ ಬಿದ್ದಳು. ಹೆಣ ಸಿಗಲಿಲ್ಲ. ಸಿಗದ ಆ ಹೆಣವನ್ನೇ ನಂಬಿಕೊಂಡು ಅಭಿಮಾನಿಗಳೆಲ್ಲ ಇಷ್ಟು ದಿನ ಬದುಕಿದ್ದರು. ಈಗ ಕಥೆ ಟೀವಿಗೆ ಬರುತ್ತಿದೆ, ‘ಸಿಡಿಲಗಡದ ಅಂತಃಪುರ’ ಅಂತ. ಚಂಪವ್ವ ಮರಳಿ ಬರುತ್ತಾಳೆ ಎಂದು ಕೆಲವರು. ಟೀವಿಗೆ ಬಂದರೆ ಕುದುರೆ, ಯುದ್ಧ ಎಲ್ಲ ಹೋಗಿ ಅತ್ತೆ ಸೊಸೆಯರ ಜಗಳವಷ್ಟೇ ಉಳಿಯುತ್ತದೆ ಎಂದು ಕೆಲವರು. ಪುಣೆಯ ಕನ್ನಡ ಸಂಘದಲ್ಲಿ ಹಬ್ಬದ ಲೆಕ್ಕಾಚಾರಕ್ಕಿಂತ ಇದರ ಮಾತೇ ಹೆಚ್ಚಾಗಿತ್ತು.

ಟೀಸರಿನಲ್ಲಿ ಇದ್ದದ್ದು ಇಷ್ಟೇ: ಕಂದೀಲಿನ ಬೆಳಕು, ತೊಟ್ಟಿಲು, ಅದನ್ನು ತೂಗುತ್ತಿರುವ ಹೆಂಗಸಿನ ಬೆನ್ನು. ಮುಖ ಇಲ್ಲ. ಮೈಮೇಲೆ ಕಪ್ಪು ಚಂದ್ರಕಾಳಿ ಸೀರೆ, ಸೆರಗಿನ ತುಂಬ ಕಸೂತಿಯ ಆನೆ ಅಂಬಾರಿ. ಎರಡನೆಯ ಭಾಗದಲ್ಲಿ ಚಂಪವ್ವ ತನ್ನ ಮದುವೆಗೆಂದು ತಾನೇ ಹಾಕಿಕೊಂಡ ಕಸೂತಿ ಅದು.

“ಚಂಪವ್ವ!” ಎಂದಳು ಹರಿಣಾಕ್ಷಿ.

“ಅಲ್ಲಮ್ಮಾ, ತಡಿ,” ಸಾಯಲಿ ಚಿತ್ರವನ್ನು ನಿಲ್ಲಿಸಿದಳು. ಸೀರೆಯ ಅಂಚು ತುಸು ಎದ್ದ ಗಳಿಗೆ. “ಕಾಲು ನೋಡು. ಕಾಲುಂಗುರನ ಇಲ್ಲ.”

ಹರಿಣಾಕ್ಷಿ ಬಗ್ಗಿ ನೋಡಿದಳು. ಮಗಳು ಹೇಳಿದ್ದು ಖರೆ. ಮುತ್ತೈದೆಯ ಸೀರೆ, ಉಂಗುರವಿಲ್ಲದ ಕಾಲು. ಕಥೆಯಲ್ಲಿ ಕಾಲುಂಗುರ ತೆಗೆದಿಟ್ಟ ವಿಧವೆ ಒಬ್ಬಳೇ. ಹಿರೇರಾಣಿ, ಸತ್ತ ಚಂಪವ್ವನ ಸೀರೆ ಉಟ್ಟು, ಅವಳ ಕೂಸಿಗೆ ತಾಯಾಗಿ ನಿಂತಿದ್ದಾಳೆ. ಹರಿಣಾಕ್ಷಿಯ ಮೈ ಜುಮ್ಮೆಂದಿತು. ಕಥೆ ಕೆಟ್ಟಿಲ್ಲ, ಬರೆದವರಿಗೆ ಬುದ್ಧಿ ಇದೆ ಎಂದು ಒಳಗೇ ಖುಷಿಯೂ ಆಯಿತು. ಚಂಪವ್ವ ಮಾತ್ರ ಹೋಗಿಬಿಟ್ಟಳು.

ಆಗಲೇ ಒಲೆಯ ಪಕ್ಕ ಇಟ್ಟಿದ್ದ ಅವಳ ಫೋನು ಬಡಿದುಕೊಂಡಿತು. ಸುಹಾಸ.

ಸಂಘದ ಹುಡುಗ. ಆ ಹೆಸರು ನೋಡಿದ್ದೇ ಅವಳು ಫೋನು ಎತ್ತದೆ ಹಿಟ್ಟಿಗೆ ಕೈ ಹಾಕಿದಳು. ವಿಮಾನ ನಗರದ ಆಫೀಸಿನಲ್ಲಿ ಕೆಲಸ, ಬಿಡುವಿನಲ್ಲಿ ಸಿಡಿಲಗಡದ ಬಗ್ಗೆ ವೀಡಿಯೊ ಚಾನೆಲ್. ಹಿರಿಯರು ಧಾರವಾಡದವರಾದರೂ ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಸೀರೆ, ಬಳೆ, ಶಾಸ್ತ್ರ ಒಂದೂ ತಿಳಿಯದು. ತಿಳಿಯದ್ದನ್ನು ಹರಿಣಾಕ್ಷಿಗೆ ಫೋನು ಮಾಡಿ ಕೇಳುತ್ತಿದ್ದ. ಚಂಪವ್ವನ ಕೈಗೆ ಹಸಿರು ಬಳೆ ಬಂದಾಗ, “ಕುಬಸದ ಬಳಿ ಅವು, ಬಸರಿ ಇದ್ದಾಳ ನೋಡು,” ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಅವಳೇ. ಅವನು ಅದನ್ನು ತಾನೇ ಕಂಡುಹಿಡಿದಂತೆ ಹೇಳಿ ಊರಿಗೆಲ್ಲ ಹೆಸರಾದ. ಅದನ್ನು ಅವಳು ನುಂಗಿಕೊಂಡಿದ್ದಳು.

ನುಂಗಲಾಗದ್ದು ದೀಪಾವಳಿಯ ತಿಂಡಿ ಹಂಚುವ ಫರಾಳದ ದಿನ ನಡೆದದ್ದು. ಸಂಘದ ಸಭಾಂಗಣದಲ್ಲಿ ಸಾಯಲಿ ತನ್ನ ಗೆಳತಿಯರಿಗೆ, “ಹಸಿರು ಬಳಿ ಮೊದಲ ನೋಡಿದ್ದು ನಮ್ಮ ಅಮ್ಮ,” ಎಂದಳು. ಮೈಕು ಹಿಡಿದಿದ್ದ ಸುಹಾಸನ ಕಿವಿಗೆ ಅದು ಬಿತ್ತು. ಬಗ್ಗಿ ಅವಳ ಕೆನ್ನೆ ಹಿಂಡಿ, ಎಲ್ಲರಿಗೂ ಕೇಳುವ ಹಾಗೆ ಅಂದ: “ಸುಳ್ಳು ಹೇಳಬಾರದು ಪುಟ್ಟಿ. ನಿಮ್ಮ ಅಮ್ಮ ಭಕ್ಕರಿ ಛಲೋ ಬಡೀತಾರ. ಭಕ್ಕರಿ ಬಡಕೋತ ಕೂತವರಿಗೆ ಸಿನಿಮಾ ತಿಳೀತದೇನು?”

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ಹರಿಣಾಕ್ಷಿ ಹಿಡಿದಿದ್ದ ಚಕ್ಕುಲಿಯ ತಟ್ಟೆಯನ್ನು ಮುಂದಿನವರಿಗೆ ಚಾಚಿದಳು. ಮನೆಗೆ ಬಂದ ಮೇಲೆ ಮಗಳ ತಲೆ ನೇವರಿಸಿ, “ನೀ ಸುಳ್ಳು ಹೇಳಿಲ್ಲ, ನನ್ನವ್ವಾ. ನಮ್ಮ ಮನ್ಯಾಗ ಯಾರೂ ಸುಳ್ಳು ಹೇಳಂಗಿಲ್ಲ,” ಎಂದಿದ್ದಳು. ಸಾಯಲಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದಿನಿಂದ ಸಂಘಕ್ಕೆ ಹೋದರೂ ಆ ಹುಡುಗಿ ತುಟಿ ಬಿಚ್ಚಿರಲಿಲ್ಲ.

ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಹರಿಣಾಕ್ಷಿ ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದಳು.

“ವೈನಿ, ಸಿಟ್ಟು ಇಳೀತೇನ್ರಿ? ಅವತ್ತ ಹುಡುಗಾಟಕಿ ಮಾಡಿದ್ದೆ, ಬಿಡ್ರಿ. ಟೀಸರ್ ನೋಡಿದ್ರಿ? ಬರೇ ಬೆನ್ನು ತೋರಿಸ್ಯಾರ. ಯಾರ್ರೀ ಅಕಿ?”

ಸಾಯಲಿ ಬಾಯಿ ತೆರೆದು, ಪರದೆಯ ಮೇಲಿನ ಕಾಲಿನತ್ತ ಬೆರಳು ತೋರಿಸಿದಳು. ಹರಿಣಾಕ್ಷಿ ಹಿಟ್ಟು ಹತ್ತಿದ ಬೆರಳನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡಳು. ಮಗಳ ಬೆರಳು ಮೆಲ್ಲಗೆ ಕೆಳಗಿಳಿಯಿತು.

“ಸೀರಿ ನೋಡಿದ್ಯೇನಪಾ?” ಅವಳ ದನಿ ಬೆಲ್ಲದಂತಿತ್ತು. “ಚಂದ್ರಕಾಳಿ. ನಮ್ಮ ಕಡೆ ಮದುಮಗಳಿಗೆ ಕೊಡೋ ಸೀರಿ ಅದು. ಮುತ್ತೈದಿ ಬಿಟ್ಟು ಯಾರೂ ಉಡಂಗಿಲ್ಲ. ಸೆರಗಿನ ಮ್ಯಾಲೆ ಆನಿ ಅಂಬಾರಿ ಅದ. ಅದನ್ನ ಹಾಕಿದವರು ಯಾರು?”

“ಚಂಪವ್ವ! ಅಂದ್ರ ಬದುಕ್ಯಾಳ!”

“ನಾ ಸೀರಿ ಅಷ್ಟ ಹೇಳಿದೆ. ಮುಂದಿಂದು ನೀ ಶಾಣ್ಯಾ ಇದ್ದಿ.”

ಫೋನು ಇಟ್ಟಳು. ತುಟಿಯ ಮೇಲೆ ಹಿಟ್ಟಿನ ಬಿಳಿ ಹಾಗೇ ಇತ್ತು. “ಬಾರವಾ, ಇನ್ನೊಂದು ಜಡಿ ಹಾಕ್ತೀನಿ,” ಎಂದಳು. ಸಾಯಲಿ ಬೆನ್ನು ಕೊಟ್ಟು ಕುಳಿತಳು.

ಸಂಜೆಯ ಹೊತ್ತಿಗೆ ಸುಹಾಸನ ವೀಡಿಯೊ ಬಂತು. ಚಂದ್ರಕಾಳಿಯ ಬಗ್ಗೆ ಅವನು ಮಾತಾಡಿದ ರೀತಿ ನೋಡಿದರೆ, ಹುಟ್ಟುವಾಗಲೇ ಅದನ್ನು ಸುತ್ತಿಕೊಂಡು ಹುಟ್ಟಿದ್ದನೇನೋ ಅನ್ನಬೇಕು. ಕೊನೆಗೆ ಎದೆ ತಟ್ಟಿಕೊಂಡ: “ಅಕಿ ಚಂಪವ್ವ ಅಲ್ಲಂದ್ರ, ಸಂಘದ ಸ್ಟೇಜ್ ಮ್ಯಾಲೆ ಎಲ್ಲಾರ ಮುಂದ ಕೂತು ಭಕ್ಕರಿ ಬಡೀತೀನಿ!”

ಹರಿಣಾಕ್ಷಿ ಆ ಮಾತನ್ನು ಮತ್ತೆ ಮತ್ತೆ ಹಾಕಿ ಕೇಳಿದಳು. ಪಾತ್ರೆ ತಿಕ್ಕುವಾಗ ಕೇಳಿದಳು, ಬಟ್ಟೆ ಮಡಚುವಾಗ ಕೇಳಿದಳು. ಮರುದಿನ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದಳು. ಮನೆಯಲ್ಲಿ ಹಿಟ್ಟು ಇತ್ತು, ಆದರೆ ಇದು ಬೇರೆ ಹಿಟ್ಟು.

ಒಂದೇ ಒಂದು ಕಡೆ ಲೆಕ್ಕ ತಪ್ಪಿತ್ತು. ಸಂಘದ ಹಿರಿಯಳು ನರ್ಮದಾಬಾಯಿ. ಫರಾಳದ ದಿನ ನಗದೆ ಸುಮ್ಮನೆ ಕುಳಿತಿದ್ದವಳು ಅವಳೊಬ್ಬಳೇ. ಅವಳು ಫೋನು ಮಾಡಿ, “ಹರಿಣಿ, ಸುಹಾಸ ಹೇಳಿದ್ದು ಕೇಳಿದಿ? ನಮ್ಮ ಚಂಪಿ ಬದುಕ್ಯಾಳಂತ! ಹೋಳಿಗಿ ಮಾಡ್ಕೊಂಡು ಬರ್ತೀನಿ ನೋಡು,” ಎಂದಳು. ಆ ದನಿಯಲ್ಲಿ ಅಳುವಿತ್ತೋ ನಗುವಿತ್ತೋ. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ನಾಳೆಯೇ ಸುಹಾಸನಿಗೆ ಮುಟ್ಟುತ್ತದೆ. “ಮಾಡ್ಕೊಂಡು ಬರ್ರಿ,” ಎಂದಳು ಹರಿಣಾಕ್ಷಿ.

ಮೊದಲ ಕಂತು ಬಂದದ್ದು ಒಂದು ಭಾನುವಾರ. ಸಂಘದ ಸಭಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಸುಹಾಸ ಮುಂದಿನ ಸಾಲಿನಲ್ಲಿ ಮದುಮಗನಂತೆ ಕುಳಿತಿದ್ದ. ಹರಿಣಾಕ್ಷಿ ಹಿಂದಿನ ಸಾಲಿನಲ್ಲಿ, ಕಾಲ ಬಳಿ ಒಂದು ಭಾರವಾದ ಚೀಲ ಇಟ್ಟುಕೊಂಡು. ಪಕ್ಕದಲ್ಲಿ ಸಾಯಲಿ, ಆಚೆ ನರ್ಮದಾಬಾಯಿ, ಅವಳ ತೊಡೆಯ ಮೇಲೆ ಹೋಳಿಗೆಯ ಡಬ್ಬಿ.

ಕಂದೀಲು, ತೊಟ್ಟಿಲು, ಕಪ್ಪು ಸೀರೆಯ ಬೆನ್ನು. ಜನ ಉಸಿರು ಬಿಗಿಹಿಡಿದರು. ಬೆನ್ನು ತಿರುಗಿತು. ಹಿರೇರಾಣಿ.

ಯಾರೋ “ಅಯ್ಯೋ” ಎಂದರು. ಯಾರೋ ಸಿಳ್ಳೆ ಹಾಕಿದರು. ಕಂತು ಮುಗಿದು ದೀಪ ಹತ್ತಿದ್ದೇ ಹುಡುಗರೆಲ್ಲ, “ಭಕ್ಕರಿ! ಭಕ್ಕರಿ!” ಎಂದು ಕೂಗತೊಡಗಿದರು.

ಸುಹಾಸ ಎದ್ದು ನಕ್ಕಂತೆ ಮಾಡಿದ. “ಬಡೀತಿದ್ದೆ ರೀ, ಹಿಟ್ಟಿಲ್ಲಲ್ಲ, ಏನ್ ಮಾಡೋದು?”

“ಅದ,” ಎಂದಳು ಹರಿಣಾಕ್ಷಿ.

ಚೀಲ ಎತ್ತಿಕೊಂಡು ಸೀದಾ ವೇದಿಕೆಗೆ ಹೋದಳು. ಪರಾತ ತೆಗೆದಳು, ಹಿಟ್ಟು ಸುರಿದಳು, ಫ್ಲಾಸ್ಕಿನಿಂದ ಬಿಸಿನೀರು ಹೊಯ್ದಳು. “ಬಾರಪಾ ಸುಹಾಸ. ಭಕ್ಕರಿ ಬಡಕೋತ ಸಿನಿಮಾ ಹೇಳು, ನಾವೂ ಕಲೀತೀವಿ.”

ಈ ಸಲವೂ ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ಸುಹಾಸ ಕುಳಿತ. ಕೈ ಸುಟ್ಟುಕೊಂಡ, ಹಿಟ್ಟು ಬೆರಳಿಗೆಲ್ಲ ಮೆತ್ತಿತು, ಬಡಿದದ್ದು ಹರಿದು ನಕ್ಷೆಯಂತಾಯಿತು. ಹತ್ತಾರು ಮೊಬೈಲುಗಳು ಅವನನ್ನು ಹಿಡಿದವು. ಅವನ ಕಿವಿ ಕೆಂಪಾದದ್ದನ್ನು ಹರಿಣಾಕ್ಷಿ ಹತ್ತಿರದಿಂದ ನೋಡಿದಳು. ಎಷ್ಟು ತಂಪಾಯಿತು ಅವಳ ಎದೆ! ಚಪ್ಪಾಳೆ ತಟ್ಟುತ್ತಿರಬೇಕು ಎಂದುಕೊಂಡು ಮಗಳತ್ತ ತಿರುಗಿದಳು.

ಸಾಯಲಿ ತಟ್ಟುತ್ತಿರಲಿಲ್ಲ. ನರ್ಮದಾ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ನರ್ಮದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನಿಧಾನವಾಗಿ ವೇದಿಕೆಯ ಬಳಿ ಬಂದಳು. ಪರಾತ ನೋಡಿದಳು, ಫ್ಲಾಸ್ಕು ನೋಡಿದಳು.

“ಇದನ್ನೆಲ್ಲಾ ಮನಿಯಿಂದ ತಂದಿಯೇನ ಹರಿಣಿ?”

“ಹೌದ್ರಿ.”

“ಅಂದ್ರ ನಿನಗ ಮೊದಲ ಗೊತ್ತಿತ್ತು.”

ಅದು ಪ್ರಶ್ನೆಯಾಗಿರಲಿಲ್ಲ. ಹರಿಣಾಕ್ಷಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಮುದುಕಿ ಹೋಳಿಗೆಯ ಡಬ್ಬಿಯನ್ನು ಹಿಂದೆಯೇ ಬಂದಿದ್ದ ಸಾಯಲಿಯ ಕೈಗೆ ಕೊಟ್ಟು, “ನೀ ತಿನ್ನವಾ, ನಂಗ ಬ್ಯಾಡ,” ಎಂದು ಮೆಟ್ಟಿಲು ಇಳಿದು ಹೋದಳು.

ಸ್ವಾರಗೇಟಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹರಿಣಾಕ್ಷಿಯ ಫೋನು ಒಂದೇ ಸಮನೆ ಗುಣುಗುಡುತ್ತಿತ್ತು. ಸುಹಾಸನ ಹರಿದ ಭಕ್ಕರಿ ಆಗಲೇ ಎಲ್ಲ ಗುಂಪುಗಳಲ್ಲಿ ಓಡಾಡುತ್ತಿತ್ತು. ಒಂದನ್ನು ತೆರೆದು ನಕ್ಕಳು. ಎರಡನೆಯದಕ್ಕೆ ನಗು ಪೂರಾ ಬರಲಿಲ್ಲ. ಫೋನನ್ನು ಚೀಲಕ್ಕೆ ಹಾಕಿದಳು.

“ಒಂದು ಹೋಳಿಗಿ ತಿನ್ನವಾ. ಹಸಿವಿಲ್ಲೇನು?”

ಸಾಯಲಿ ತಲೆ ಅಲ್ಲಾಡಿಸಿದಳು. ಡಬ್ಬಿ ಇನ್ನೂ ಬೆಚ್ಚಗಿತ್ತು. ಅದರ ಮುಚ್ಚಳದ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಕುಳಿತಿದ್ದಳು.

“ಅವ ನಿನ್ನ ಸುಳ್ಳಿ ಅಂದಿದ್ದ. ಅದಕ್ಕ ಮಾಡಿದೆ,” ಎಂದಳು ಹರಿಣಾಕ್ಷಿ, ಯಾರೂ ಕೇಳದಿದ್ದರೂ. “ನಿನ್ನ ಸಲುವಾಗಿ.”

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಸಾಯಲಿ ಡಬ್ಬಿಯಿಂದ ಕಣ್ಣೆತ್ತಿ, ತಾಯಿಯ ತುಟಿಯನ್ನು, ಆ ಬೆಳಿಗ್ಗೆ ಹಿಟ್ಟಿನ ಬೆರಳು ಕುಳಿತಿದ್ದ ಜಾಗವನ್ನೇ ನೋಡಿದಳು.

“ಅಮ್ಮಾ, ಅವತ್ತ ನಾ ಸುಳ್ಳು ಹೇಳಿದ್ದಿಲ್ಲ. ಕಾಲು ನೋಡಿದ್ದನ್ನ ಅಜ್ಜಿಗೂ ಹೇಳಲಿಲ್ಲಲ್ಲ, ಈಗ ನಾವಿಬ್ಬರೂ ಸುಳ್ಳು ಹೇಳಿದಂಗ ಆತೇನು?”