ಸೇಠರ ಶ್ರಾವಣ, ಸುಮತಿಯ ಶ್ರಾವಣ

ಮನೆ ಬಿಡುವುದಿಲ್ಲವೆಂದು ಸುಮತಿ ಯಾವತ್ತೂ ಹಟ ಹಿಡಿದವಳಲ್ಲ. ಹೈದರಾಬಾದಿನ ತುಂಬ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಅಂಥದೊಂದು ಕಂಪನಿ ಗೆಸ್ಟ್‌ಹೌಸಿಗೆ ಬೇಕೆಂದು ಹಿಮಾಯತ್‌ನಗರದ ಈ ಮನೆಯನ್ನು ಕೇಳಿತು, ಮಾಲೀಕ ಬನ್ಸಿಲಾಲ್ ಸೇಠರು ಬಂದು ಖಾಲಿ ಮಾಡಿ ಅಂದರು. ಮಗಳು ಸಿಂಚನಾ ಹೆರಿಗೆಗೆ ಬಂದಿದ್ದಾಳೆ, ಸ್ವಲ್ಪ ಟೈಮ್ ಕೊಡಿ ಎಂದು ಸುಮತಿ ಕೇಳಿಕೊಂಡಳು. ಮಣಿಕೊಂಡದಲ್ಲಿ ಬೇರೆ ಮನೆ ಗೊತ್ತಾಗಿತ್ತು. ಆದರೆ ಅದರ ಮಾಲೀಕ ಸೂರ್ಯನಾರಾಯಣ ಶ್ರಾವಣ ಹುಟ್ಟಿದ ಮೇಲೇ ಕೀಲಿ ಕೊಡುವವರು. ಹಾಗಾಗಿ ಇವಳೂ ಶ್ರಾವಣ ಹುಟ್ಟಿದ ದಿನವೇ ಹೋಗುತ್ತೇವೆಂದು ಮಾತು ಕೊಟ್ಟಳು. ಸೇಠರು ಸಂತೋಷದಿಂದ ಒಪ್ಪಿದರು.

ಎಡವಟ್ಟಾದದ್ದು ಅಲ್ಲೇ ನೋಡಿ. ಸೇಠರ ಮನೆತನ ರಾಜಸ್ಥಾನದ್ದು, ಅವರಿಗೆ ಹುಣ್ಣಿಮೆಯ ಮರುದಿನವೇ ಶ್ರಾವಣ. ಕನ್ನಡದ ಸುಮತಿಗೂ ತೆಲುಗಿನ ಸೂರ್ಯನಾರಾಯಣರಿಗೂ ಅಮಾವಾಸ್ಯೆ ಕಳೆಯಬೇಕು. ನಡುವಿನ ಹದಿನೈದು ದಿನ ಈ ಸಂಸಾರಕ್ಕೆ ತಲೆಯ ಮೇಲೆ ಸೂರೇ ಇಲ್ಲ. ಅದೂ ಸಿಂಚನಾ ಹೆತ್ತು ಆಸ್ಪತ್ರೆಯಿಂದ ಆಗಷ್ಟೇ ಬಂದಿರುವಾಗ!

ಹುಣ್ಣಿಮೆ ಕಳೆದ ಬೆಳಿಗ್ಗೆಯೇ ಸೇಠರು ಟೆಂಪೋದಲ್ಲಿ ಕಂಪನಿಯ ಮಂಚಗಳನ್ನು ಹೇರಿಸಿಕೊಂಡು ಬಂದಿಳಿದರು. ಬರಿಗಾಲು, ಹಣೆಗೆ ಗಂಧ. ಶ್ರಾವಣವೆಂದರೆ ತಿಂಗಳು ಪೂರ್ತಿ ಅವರಿಗೆ ವ್ರತ, ಮಡಿ. ಕಲಬುರ್ಗಿಯವರ ಜೊತೆ ಬಟ್ಟೆ ವ್ಯಾಪಾರ ಮಾಡಿ ಮಾಡಿ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಸುಮತಿಯ ಗಂಡ ವಿಠಲ ಕೈಮುಗಿದು, ಕಾಚಿಗೂಡದಲ್ಲಿ ಲಾಡ್ಜ್ ನೋಡುತ್ತೇನೆ, ಸಂಜೆತನಕ ತಡೀರಿ ಎಂದು ಗೋಗರೆಯತೊಡಗಿದ. ಸುಮತಿಗೆ ಮೈಯೆಲ್ಲ ಉರಿದುಹೋಯಿತು. ಹಸಿ ಬಾಣಂತಿಯನ್ನು ಲಾಡ್ಜಿನ ತಿಗಣೆಗಳ ಬಾಯಿಗೆ ಹಾಕುತ್ತಾನಂತೆ, ದೊಡ್ಡ ಶಾಣ್ಯಾ! ಗಂಡನನ್ನು ಪಕ್ಕಕ್ಕೆ ಸರಿಸಿ ಬಾಗಿಲಲ್ಲಿ ನಿಂತಳು.

“ಮಾತು ಕೊಟ್ಟಾಕಿ ನಾನ್ರಿ ಸೇಠ್‌ಜಿ. ನನ್ನ ಶ್ರಾವಣಾನೇ ಹಿಡೀಬೇಕು.”

“ಮನಿ ನಂದು,” ಅಂದರು ಸೇಠರು. “ಹಂಗಾರ ಶ್ರಾವಣಾನೂ ನಂದೇ.”

ಮಂಚ ಎತ್ತಿರೆಂದು ಹಮಾಲರಿಗೆ ಕೈಸನ್ನೆಯನ್ನೂ ಮಾಡಿಬಿಟ್ಟರು. ಆಗ ಸುಮತಿಗೆ ಏನನ್ನಿಸಿತೋ ಏನೋ, ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ತೆರೆದಳು.

“ಬರ್ರಿ, ನೀವೇ ಮೊದಲ ಬರ್ರಿ. ಒಳಗ ಪುರುಡು ಐತಿ. ನಿಮಗ ಶ್ರಾವಣ ಹುಟ್ಟೇತಿ ಅಂದ್ರ ವ್ರತ ಹಿಡದೀರಿ, ಪುರುಡಿನ ಮನಿ ಹೊಸ್ತಿಲಾ ಹ್ಯಾಂಗ ದಾಟ್ತೀರಿ? ದಾಟಿದ್ರೋ, ನಿಮಗೂ ಇನ್ನಾ ಶ್ರಾವಣ ಹುಟ್ಟಿಲ್ಲ ಅಂದಂಗಾತು. ಎರಡರಾಗ ಒಂದು ಹೇಳ್ರಿ.”

ಸೇಠರು ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಹೆತ್ತ ಮನೆಯ ಮೈಲಿಗೆ ಅವರಲ್ಲೂ ಇತ್ತು. ಹಮಾಲರು ಮಂಚವನ್ನು ಕೆಳಗಿಟ್ಟು, ಯಜಮಾನರು ನಡೆದರೆ ನಾವೂ ನಡೆಯುತ್ತೇವೆ ಎಂಬಂತೆ ಅವರ ಮುಖ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಕೂಸು ಅತ್ತಿತು. ಸೇಠರು ಮೆಟ್ಟಿಲಿಳಿದರು. ಮಂಚಗಳು ಮತ್ತೆ ಟೆಂಪೋ ಹತ್ತಿದವು.

ಸುಮತಿ ಮೆಟ್ಟಿಲ ಕಟಕಟೆಗೆ ಬಂದು ಬಗ್ಗಿ ಕೂಗಿದಳು:

“ಸೇಠ್‌ಜಿ, ಒಂದು ಮಂಚ ಇಲ್ಲೇ ಇಳಿಸಿ ಹೋಗ್ರಿ. ನಮ್ಮ ಬಾಣಂತಿ ನೆಲದ ಮ್ಯಾಲೆ ಮಲಗ್ಯಾಳ.”